ಮುಗಿದ ಆಟವನ್ನು ಮತ್ತೆ ಆಡಿ ನೋಡುವುದು



ನಮ್ಮ ಶಾಲೆಯಲ್ಲಿ ಚದುರಂಗ ಆಡುವವರು ಈಗ ಬಹಳ ಮಂದಿ ಆಗಿದ್ದೀರಿ. ಊಟದ ಬಿಡುವಿನಲ್ಲಿ ವರಾಂಡದಾಗ ಎರಡು ಬೋರ್ಡು ಹಾಸಿರುತ್ತವೆ, ಸುತ್ತಲೂ ಹತ್ತು ತಲೆ ಬಗ್ಗಿರುತ್ತವೆ. ಆಟ ಮುಗಿದ ಕೂಡಲೇ ಗೆದ್ದವನು ಚೀರುತ್ತಾನೆ, ಸೋತವನು ಕಾಯಿ ಕೆದರಿ ಎದ್ದು ಹೋಗುತ್ತಾನೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಕಾಯಿಗಳ ಜೊತೆ ತಪ್ಪೂ ಡಬ್ಬಿಯೊಳಗೆ ಹೋಗಿ ಕೂಡುತ್ತದೆ, ಮರುದಿನ ಮತ್ತೆ ಅದೇ ತಪ್ಪು ಹೊರಗೆ ಬರುತ್ತದೆ. ತಾಲೂಕು ಮಟ್ಟದ ಆಟದಲ್ಲಿ ಅರ್ಧ ಪಾಯಿಂಟು ಕಳೆದುಕೊಂಡು ಜಿಲ್ಲೆಗೆ ಹೋಗುವುದು ತಪ್ಪಿದ ಮೇಲೆ ನನಗೆ ಇದು ತಿಳಿಯಿತು. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಅವತ್ತಿನ ಕೊನೆಯ ಆಟ. ಎಲ್ಲ ಕಾಯಿ ಹೋಗಿ ನನ್ನ ಹತ್ತಿರ ರಾಜ ಮತ್ತು ಒಂದು ಕಾಲಾಳು ಉಳಿದಿತ್ತು. ಎದುರಿನವನ ಹತ್ತಿರ ಬರೀ ರಾಜ. ಗೆದ್ದೆ ಅಂತಲೇ ತಿಳಿದಿದ್ದೆ. ಕಾಲಾಳು ಓಡಿಸಿದೆ, ಏಳನೆಯ ಸಾಲಿನವರೆಗೂ ಬಂತು. ಇನ್ನೊಂದು ಮನಿ ದಾಟಿದರೆ ಮಂತ್ರಿ! ಆಗ ರಾಜನನ್ನು ಅದರ ಬೆನ್ನಿಗೆ ತಂದೆ. ಎದುರಿನ ಹುಡುಗ ಎರಡೂ ಕೈ ಎತ್ತಿ "ಸ್ಟೇಲ್‌ಮೇಟ್ ಸರ್" ಅಂದ. ಅವನ ರಾಜನಿಗೆ ಚೆಕ್ ಇಲ್ಲ, ಹೋಗಲಿಕ್ಕೆ ಮನಿಯೂ ಇಲ್ಲ. ಆಟ ಡ್ರಾ. ಬಸ್ಸಿನಲ್ಲಿ ಬೇವೂರು ಮುಟ್ಟುವವರೆಗೂ ನಾನು ಒಂದೇ ಮಾತು ಹೇಳಿದೆ: ಕೊನೆಯ ನಡೆ ಒಂದು ತಪ್ಪಿತು, ಇಲ್ಲದಿದ್ದರೆ ಗೆಲ್ಲುತ್ತಿದ್ದೆ, ಈ ಸ್ಟೇಲ್‌ಮೇಟ್ ನಿಯಮವೇ ಅನ್ಯಾಯದ್ದು.

ನನ್ನ ಗೆಳೆಯ ಅವತ್ತು ಮುಂಚೆಯೇ ಸೋತು ಹೊರಗೆ ಬಂದಿದ್ದ. ಅವನು ನನ್ನ ಆಟ ನೋಡುತ್ತ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೊನೆಯ ಹನ್ನೊಂದು ನಡೆಗಳನ್ನು ಬರೆದುಕೊಂಡಿದ್ದ. ಆ ಪುಟ ಇರದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ನಡೆ ಬರೆಯುವುದು ಕಷ್ಟವಲ್ಲ. ಬಿಳಿ ಕಾಯಿಯ ಕಡೆ ಕುಳಿತು ಎಡಗಡೆಯಿಂದ ಉದ್ದ ಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅಡ್ಡ ಸಾಲುಗಳಿಗೆ ನಮ್ಮ ಕಡೆಯಿಂದ 1ರಿಂದ 8. ಬಿಳಿ ರಾಜ ಮೊದಲು ಇ1ರಲ್ಲಿ ಇರುತ್ತಾನೆ, ಕರಿ ರಾಜ ಇ8ರಲ್ಲಿ. ಹೀಗೆ 64 ಮನಿಗಳಿಗೂ ಊರಿನ ಮನೆಗಳಿಗೆ ನಂಬರು ಇದ್ದಂತೆ ಒಂದೊಂದು ಹೆಸರು. 1924ರಲ್ಲಿ ಹುಟ್ಟಿದ ಫಿಡೆ ಎಂಬ ಜಗತ್ತಿನ ಚದುರಂಗ ಸಂಸ್ಥೆಯೂ ಇದೇ ಪದ್ಧತಿಯನ್ನು ಒಪ್ಪುತ್ತದೆ. ದೊಡ್ಡ ಪಂದ್ಯಗಳಲ್ಲಿ ಆಟಗಾರರೇ ಪ್ರತಿ ನಡೆಯನ್ನೂ ಬರೆಯಬೇಕು. ನಮ್ಮ ಮಟ್ಟದ ಪಂದ್ಯದಲ್ಲಿ ಯಾರೂ ಬರೆ ಅನ್ನುವುದಿಲ್ಲ, ಆದರೆ ಬರೆದರೆ ಯಾರೂ ಬೇಡ ಅನ್ನುವುದೂ ಇಲ್ಲ.

ಈಗ ನೀವೂ ನೆಲದ ಮೇಲೆ ಸೀಮೆಸುಣ್ಣದಿಂದ ಮನಿ ಹಾಕಿರಿ. ಒಂದು ಬಿಳಿ ಹರಳು, ಒಂದು ಕರಿ ಹರಳು, ಒಂದು ಗೋವಿನಜೋಳದ ಕಾಳು ಸಾಕು. ಬಿಳಿ ರಾಜ ಡಿ3, ಕಾಲಾಳು (ಜೋಳದ ಕಾಳು) ಇ2, ಕರಿ ರಾಜ ಇ6. ಪಾಳಿ ಬಿಳಿಯದು, ಅಂದರೆ ನನ್ನದು.

ನಾನು ಆಡಿದ್ದು ಹೀಗೆ. ಕಾಲಾಳನ್ನು ಎರಡು ಮನಿ ಜಿಗಿಸಿ ಇ4. ಅವನು ರಾಜ ಇ5, ಕಾಲಾಳಿನ ಎದುರಿಗೇ. ನಾನು ರಾಜ ಇ3, ಅವನು ಇ6. ನಾನು ಡಿ4, ಅವನು ಡಿ6. ಕಾಲಾಳು ಇ5 ಚೆಕ್, ಅವನು ಇ6. ನಾನು ಇ4, ಅವನು ಇ7. ನಾನು ಡಿ5, ಅವನು ಡಿ7. ಕಾಲಾಳು ಇ6 ಚೆಕ್, ಅವನು ಇ7. ನಾನು ಇ5, ಅವನು ಇ8. ನಾನು ಡಿ6, ಅವನು ಡಿ8. ಕಾಲಾಳು ಇ7 ಚೆಕ್, ಅವನು ಇ8. ನಾನು ಇ6. ಮುಗೀತು, ಸ್ಟೇಲ್‌ಮೇಟ್.

ಮರುದಿನ ಶಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ಇದನ್ನು ಹಚ್ಚಿದೆವು. ನನಗೆ ಮನಸ್ಸೇ ಇರಲಿಲ್ಲ. ಗಾಯದ ಪಟ್ಟಿ ಬಿಚ್ಚಿ ನೋಡಿದಂತೆ ಆಗುತ್ತಿತ್ತು. ನಾನು ಕೊನೆಯ ನಡೆಯಿಂದಲೇ ಶುರು ಮಾಡಿದೆ. ಇ6 ಬಿಟ್ಟು ಬೇರೆ ಯಾವ ಮನಿಗೆ ರಾಜ ಹೋದರೂ ಕಾಲಾಳಿಗೆ ಕಾವಲು ತಪ್ಪುತ್ತದೆ, ಕರಿ ರಾಜ ಅದನ್ನು ತಿನ್ನುತ್ತಾನೆ. ಆಗಲೂ ಡ್ರಾ.

"ಕೊನೀ ನಡಿ ತಪ್ಪಲ್ಲಲೇ ಅದು. ಅಲ್ಲಿ ಏನ್ ಆಡಿದ್ರೂ ಅಷ್ಟ," ಅಂದ ಗೆಳೆಯ.

ಇಡೀ ದಾರಿ ನಾನು ಯಾವ ನಡೆಯನ್ನು ಬೈದಿದ್ದೆನೋ ಅದು ತಪ್ಪೇ ಅಲ್ಲ! ಅಷ್ಟರಲ್ಲಿ ನಮ್ಮ ಗಣಿತದ ಸರ್ ಸೈಕಲ್ ತೆಗೆದುಕೊಂಡು ಹೊರಟವರು ನಿಂತು ನೋಡಿದರು. "ಬೀಜಗಣಿತದಾಗ ಉತ್ತರ ತಪ್ಪಾತು ಅಂದ್ರ ಕೊನೀ ಸಾಲು ಅಳಸಿ ಏನ್ ಮಾಡ್ತೀರಿ? ಮ್ಯಾಲೆ ಹೋಗ್ರಿ, ಎಲ್ಲೋ ಪ್ಲಸ್ಸು ಮೈನಸ್ ಆಗಿರತೈತಿ" ಅಂದು ಹೋದರು.

ಮೇಲೆ ಹೋದೆವು. ಒಂದೊಂದೇ ನಡೆ ಹಿಂದಕ್ಕೆ ಇಟ್ಟು, ಅಲ್ಲಿ ಬೇರೆ ಏನು ಆಡಬಹುದಿತ್ತು ಅಂತ ನೋಡುತ್ತ ಹೋದೆವು. ಇದಕ್ಕೆ ಮೂರು ಸಂಜೆ ಹಿಡಿಯಿತು. ನಡುವೆ ಒಂದು ವಿಷಯ ಸಿಕ್ಕಿತು. ನನ್ನ ರಾಜ ಇ5, ಕಾಲಾಳು ಇ6 ಇದ್ದಾಗ ಅವನ ರಾಜ ಇ7ರಿಂದ ನೇರ ಹಿಂದೆ ಇ8ಕ್ಕೆ ಹೋಗಿದ್ದ. ಅವನು ಡಿ8ಕ್ಕೆ ಹೋಗಿದ್ದರೆ ನಾನು ಡಿ6, ಎಫ್8ಕ್ಕೆ ಹೋಗಿದ್ದರೆ ನಾನು ಎಫ್6. ಎರಡರಲ್ಲೂ ಅವನು ಇ8ಕ್ಕೆ ಬರುತ್ತಾನೆ, ನಾನು ಕಾಲಾಳನ್ನು ಇ7ಕ್ಕೆ ತಳ್ಳುತ್ತೇನೆ, ಚೆಕ್ ಇರುವುದಿಲ್ಲ, ಅವನು ದಾರಿ ಬಿಡಲೇಬೇಕು. ಅಂದರೆ ಆ ಹುಡುಗನಿಗೆ ಅಲ್ಲಿ ಮೂರು ಮನಿಗಳಲ್ಲಿ ಒಂದೇ ಸರಿ ಇತ್ತು, ಅದನ್ನೇ ಹಿಡಿದಿದ್ದ. ನಾನು ನಸೀಬು ಅಂದುಕೊಂಡದ್ದು ಅವನ ವಿದ್ಯೆ.

ಮೂರನೆಯ ಸಂಜೆ ಮೊದಲ ನಡೆಗೆ ಬಂದೆವು. ಕಾಲಾಳನ್ನು ಮುಟ್ಟದೆ ರಾಜನನ್ನೇ ಇ4ಕ್ಕೆ ತಂದರೆ? ಇಟ್ಟು ನೋಡಿದೆವು. ಈಗ ಬಿಳಿ ರಾಜ ಇ4, ಕರಿ ರಾಜ ಇ6, ನಡುವೆ ಒಂದೇ ಮನಿ. ಪಾಳಿ ಅವನದು. ಎರಡು ರಾಜರು ಹೀಗೆ ಎದುರುಬದುರು ನಿಂತಾಗ ಯಾರ ಪಾಳಿ ಇದೆಯೋ ಅವರು ಸರಿಯಬೇಕು. ಕಿರಿದಾದ ಸಂದಿಯಲ್ಲಿ ಎರಡು ಚಕ್ಕಡಿ ಎದುರಾದ ಹಾಗೆ. ಪುಸ್ತಕದವರು ಇದನ್ನು ಅಪೊಸಿಷನ್ ಅನ್ನುತ್ತಾರೆ. ಅವನು ಡಿ6ಕ್ಕೆ ಸರಿದರೆ ನಾನು ಎಫ್5. ಅವನು ಇ7, ನಾನು ಇ5, ಮತ್ತೆ ಎದುರುಬದುರು. ಅವನು ಡಿ7, ನಾನು ಎಫ್6. ಅವನು ಇ8, ನಾನು ಇ6. ಅವನು ಡಿ8, ನಾನು ಎಫ್7. ಈಗ ಇ ಸಾಲಿನ ಮೇಲಿನ ಮನಿಗಳೆಲ್ಲ ನನ್ನ ರಾಜನ ಕೈಯಲ್ಲಿ. ಕಾಲಾಳು ಮಾತ್ರ ಇನ್ನೂ ಇ2ರಲ್ಲೇ ಕುಳಿತಿದೆ! ಅದನ್ನು ಸಾವಕಾಶ ನಡೆಸಿದರೂ ಮಂತ್ರಿ ಆಗುತ್ತದೆ. ನಡುವೆ ಎಲ್ಲಾದರೂ ಪಾಳಿ ನನ್ನ ಮೇಲೆ ಬಿದ್ದರೆ ಕಾಲಾಳನ್ನು ಒಂದು ಮನಿ ಸರಿಸಿ ಪಾಳಿಯನ್ನು ಅವನಿಗೇ ದಾಟಿಸಬಹುದು. ಆ ಉಳಿತಾಯದ ನಡೆಯನ್ನು ನಾನು ಮೊದಲೇ ಖರ್ಚು ಮಾಡಿಬಿಟ್ಟಿದ್ದೆ.

ಅಂದರೆ ತಪ್ಪು ಹನ್ನೊಂದನೆಯ ನಡೆಯಲ್ಲಿ ಅಲ್ಲ, ಒಂದನೆಯದರಲ್ಲಿ. ನಾನು ಕಾಲಾಳನ್ನು ಮುಂದೆ ಬಿಟ್ಟು ರಾಜನನ್ನು ಹಿಂದೆ ಕರೆದುಕೊಂಡು ಹೋಗಿದ್ದೆ. ರಾಜ ಮುಂದೆ ನಡೆದು ದಾರಿ ಬಿಡಿಸಬೇಕಿತ್ತು.

ನಮ್ಮ ಅಜ್ಜನಿಗೆ ಇದನ್ನು ತೋರಿಸಿದೆ. ಅಜ್ಜ ಹಳೆಯ ಪದ್ಧತಿಯಲ್ಲಿ ಆಡಿದವರು. ಮಂತ್ರಿಗೆ ವಜೀರ, ಕಾಲಾಳಿಗೆ ಪ್ಯಾದಿ ಅನ್ನುತ್ತಾರೆ. "ನಮ್ಮ ಕಾಲದಾಗ ಪ್ಯಾದಿ ಒಂದ ಮನಿ ನಡೀತಿತ್ತು. ನಿಮ್ಮ ಪುಸ್ತಕದವ್ರು ಎರಡ ಮನಿ ಜಿಗಸಾಕ ಕಲಿಸಿ ಹುಡುಗೂರನ್ನ ಕೆಡಿಸ್ಯಾರ" ಅಂದರು. ಅಜ್ಜನ ಮಾತು ಹೌದೇ ಅಂತ ಅದನ್ನೂ ಆಡಿ ನೋಡಿದೆವು. ಕಾಲಾಳು ಒಂದೇ ಮನಿ, ಇ3ಕ್ಕೆ ಹೋದರೂ ಕರಿ ರಾಜ ಇ5ಕ್ಕೆ ಬಂದು ಅಡ್ಡ ನಿಲ್ಲುತ್ತಾನೆ, ಅದೂ ಡ್ರಾ. ಅಜ್ಜ ಒಪ್ಪಲಿಲ್ಲ, ತಾವೇ ಎರಡು ಸಲ ಆಡಿ ನೋಡಿ ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡರು. ಹಳೆಯ ಪದ್ಧತಿ ಕೀಳು ಅಂತ ಮಾತ್ರ ಯಾರೂ ತಿಳಿಯಬೇಡಿ. ಪಂಜಾಬಿನ ಸುಲ್ತಾನ್ ಖಾನ್ ಅಂಥದೇ ದೇಶೀ ನಿಯಮದ ಆಟ ಕಲಿತವರು. ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಜಗತ್ತಿನ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ಅವರನ್ನೂ ಒಂದು ಆಟದಲ್ಲಿ ಸೋಲಿಸಿದರು. ಫಿಡೆ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಹೋಗಿ ಎಷ್ಟೋ ವರ್ಷ ಆದ ಮೇಲೆ.

ಇಷ್ಟು ಸಣ್ಣ ವಿಷಯಕ್ಕೆ ಮೂರು ಸಂಜೆ ಯಾಕೆ ಅಂತ ಕೆಲವರು ನಕ್ಕರು. ಅವರಿಗೆ ಒಂದು ಸಂಗತಿ ಹೇಳುತ್ತೇನೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಮ್ಮ ದೇಶದ ಗುಕೇಶ್ 18ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಆಟ. ಅದು 14ನೆಯ ಮತ್ತು ಕೊನೆಯ ಆಟ, ಎಲ್ಲರೂ ಡ್ರಾ ಅಂದುಕೊಂಡಿದ್ದರು. 55ನೆಯ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ಆನೆಗೆ ಆನೆ, ಒಂಟೆಗೆ ಒಂಟೆ ಬದಲಿ ಮಾಡಿಬಿಟ್ಟರು. ಉಳಿದದ್ದು ರಾಜರು ಮತ್ತು ಕಾಲಾಳುಗಳು, ಗುಕೇಶ್ ಅವರಿಗೆ ಎರಡು, ಡಿಂಗ್ ಅವರಿಗೆ ಒಂದು. ಕೊನೆಯ ನಡೆ ಏನು ಗೊತ್ತೇ? ಬಿಳಿ ರಾಜ ಇ3, ಕರಿ ರಾಜ ಇ5, ನಡುವೆ ಒಂದು ಮನಿ, ಪಾಳಿ ಬಿಳಿಯದು. ಡಿಂಗ್ ಕೈ ಕೊಟ್ಟು ಎದ್ದರು. ನಮ್ಮ ಬೇವಿನ ಗಿಡದ ಕೆಳಗಿನ ಎದುರುಬದುರೇ ಅಲ್ಲಿಯೂ ಇತ್ತು.

ತಮ್ಮ ಆಟವನ್ನು ತಾವೇ ಪರೀಕ್ಷಿಸುವುದನ್ನು ಒಂದು ಶಿಸ್ತಾಗಿ ಮಾಡಿದವರಲ್ಲಿ ರಷ್ಯದ ಬೋಟ್ವಿನ್ನಿಕ್ ದೊಡ್ಡವರು. ವೃತ್ತಿಯಿಂದ ವಿದ್ಯುತ್ ಇಂಜಿನಿಯರ್. 1948ರಲ್ಲಿ ವಿಶ್ವ ಚಾಂಪಿಯನ್ ಆದರು. 1957ರಲ್ಲಿ ಸ್ಮಿಸ್ಲೋವ್‌ಗೆ ಸೋತು 1958ರಲ್ಲಿ ಪಟ್ಟ ಮರಳಿ ಪಡೆದರು. 1960ರಲ್ಲಿ ಟಾಲ್‌ಗೆ ಸೋತು 1961ರಲ್ಲಿ ಮತ್ತೆ ಪಡೆದರು. ನಿಮ್ಮ ಆಟದ ಪರೀಕ್ಷೆಯನ್ನು ಬರೆದು ಪ್ರಕಟಿಸಿರಿ, ಆಗ ಬೇರೆಯವರು ತಪ್ಪು ಹುಡುಕುತ್ತಾರೆ, ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಲಿಕ್ಕೆ ಆಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ನನಗೆ ಪ್ರಕಟಿಸಲಿಕ್ಕೆ ಇರುವುದು ಈ ಗೋಡೆ. ಆದ್ದರಿಂದ ಇಲ್ಲಿ ಅಂಟಿಸಿದ್ದೇನೆ.

ಎದುರಾಳಿಯನ್ನು ಕೇಳುವುದೂ ಬಹಳ ಮುಖ್ಯ. ದೊಡ್ಡ ಆಟಗಾರರು ಆಟ ಮುಗಿದ ಕೂಡಲೇ ಇಬ್ಬರೂ ಕುಳಿತು ಮಾತಾಡುತ್ತಾರೆ, ಅದಕ್ಕೆ ಪೋಸ್ಟ್ ಮಾರ್ಟಮ್ ಎಂದೇ ಹೆಸರು. (ಸತ್ತದ್ದು ಆಟ ಮಾತ್ರ, ಹೆದರಬೇಡಿ.) ನಾನು ಅವತ್ತು ಸಿಟ್ಟಿನಲ್ಲಿ ಕೈ ಕೂಡ ಕುಲುಕದೆ ಬಂದಿದ್ದೆ. ಆ ಹುಡುಗ ನನಗೆ ಮತ್ತೆ ಸಿಕ್ಕದ್ದು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಮಿರ್ಚಿ ಅಂಗಡಿಯ ಮುಂದೆ. ಕೇಳಿದೆ. "ನೀ ರಾಜನ್ನ ಇ4ಕ್ಕ ತಂದಿದ್ರ ನಾ ಅಲ್ಲೇ ಕೈ ಕೊಡಾಂವ ಇದ್ದೆ. ನೀ ಕಾಲಾಳು ಜಿಗಿಸಿದಿ, ನನಗ ಜೀವ ಬಂತು. ನೆಟ್ಟಗ ಹಿಂದ ಹೋಗಬೇಕು ಅನ್ನೂದು ನಮ್ಮ ಮಾಮಾ ಕಲಿಸಿದ್ದ, ಅದೊಂದ ಗೊತ್ತಿತ್ತು" ಅಂದ. ನಾವು ಮೂರು ಸಂಜೆ ಹುಡುಕಿದ್ದನ್ನು ಅವನು ಎರಡು ಮಿರ್ಚಿ ತಿನ್ನುವುದರೊಳಗೆ ಹೇಳಿಬಿಟ್ಟ! ಆದರೂ ಮೊದಲೇ ಅವನನ್ನು ಕೇಳಿದ್ದರೆ ನನಗೆ ಅದರ ಅರ್ಥ ಹತ್ತುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮೊಬೈಲಿನ ವಿಷಯ ಕೇಳುತ್ತೀರಿ, ಗೊತ್ತು. ಸ್ಟಾಕ್‌ಫಿಶ್ ಎಂಬ ಪುಕ್ಕಟೆ ಪ್ರೋಗ್ರಾಮು ಇದೆ, ಯಾವ ಚಾಂಪಿಯನ್ನಿಗಿಂತಲೂ ಬಲವಾಗಿ ಆಡುತ್ತದೆ. ಬೋರ್ಡಿನ ಮೇಲೆ ಒಟ್ಟು ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದರೆ ಗೆಲುವೋ ಡ್ರಾವೋ ಎಂಬುದನ್ನು ಕಂಪ್ಯೂಟರುಗಳು ಪೂರ್ತಿ ಲೆಕ್ಕ ಹಾಕಿ ಇಟ್ಟಿವೆ. ನಾವೂ ಕೊನೆಗೆ ಸರ್ ಅವರ ಮೊಬೈಲಿನಲ್ಲಿ ಹಾಕಿ ನೋಡಿದೆವು, ನಮ್ಮ ಉತ್ತರ ಸರಿ ಬಂತು. ಆದರೆ ಮೊದಲೇ ಮೊಬೈಲು ನೋಡುವುದು ಗೈಡು ನೋಡಿ ಲೆಕ್ಕ ಬರೆದ ಹಾಗೆ. ಅದು ಯಾವ ನಡೆ ಅಂತ ಹೇಳುತ್ತದೆ, ನಾನು ಆ ಹೊತ್ತಿನಲ್ಲಿ ಏನು ತಿಳಿದು ಆಡಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ಈಗ ನಾವು ನಡೆಯ ಪಕ್ಕದಲ್ಲಿ ಒಂದು ಮಾತು ಬರೆಯುತ್ತೇವೆ: "ಹೆದರಿ ಆಡಿದೆ", "ಕುದುರೆ ಕಾಣಲಿಲ್ಲ", "ಗಂಟೆ ಬಾರಿಸಿತು ಅಂತ ಅವಸರ" ಹೀಗೆ.

ಹೀಗೆ ಬರೆದ ನೋಟ್‌ಬುಕ್ಕು ತಿರುವಿ ಹಾಕಿದಾಗ ನಮ್ಮ ಗುಂಪಿನ ನಾಲ್ವರದೂ ಒಂದೊಂದು ಗುಣ ಹೊರಗೆ ಬಂತು. ನನ್ನದು ಅವಸರ. ಗೆಳೆಯನದು, ಮಂತ್ರಿ ಹೋದ ಕೂಡಲೇ ಆಟ ಬಿಟ್ಟುಕೊಡುವುದು. ಒಬ್ಬನು ಕುದುರೆಯನ್ನು ಕಾವಲಿಲ್ಲದೆ ನಿಲ್ಲಿಸುತ್ತಾನೆ, ಎಂಟನೆಯ ತರಗತಿಯ ತಂಗಿಯಂತೂ ಆನೆಗಳನ್ನು ಕೊನೆಯವರೆಗೂ ಮೂಲೆ ಬಿಟ್ಟು ತೆಗೆಯುವುದೇ ಇಲ್ಲ. ಕುದುರೆ ಅಂದಾಗ ನೆನಪಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದೇ ಕುದುರೆಯನ್ನು 64 ಮನಿಗೂ ಒಂದೊಂದೇ ಸಲ ಹೋಗುವ ಹಾಗೆ ನಡೆಸುವ ದಾರಿಗಳನ್ನು ಕಂಡುಹಿಡಿದವರು. ಬಿಡುವಿದ್ದರೆ ಪ್ರಯತ್ನಿಸಿ, ನನಗೆ ಇನ್ನೂ ಬಂದಿಲ್ಲ. ಅದೇ ಮೈಸೂರಿನ ಎಂ.ಎಸ್. ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ಆದರು.

ಸೋತ ಆಟ ಬರೆದವರು ನಾಚಿಕೆ ಪಡದೆ ನಮ್ಮ ಹತ್ತಿರ ತನ್ನಿ. ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಕಟ್ಟೆಯ ಮೇಲೆ ಇರುತ್ತೇವೆ. ಅಲ್ಲಿಯವರೆಗೆ ಒಂದು ಪ್ರಶ್ನೆ. ಬಿಳಿ ರಾಜ ಇ4, ಕಾಲಾಳು ಇ3, ಕರಿ ರಾಜ ಇ6. ಪಾಳಿ ಬಿಳಿಯದಿದ್ದರೆ ಏನಾಗುತ್ತದೆ? ಕರಿಯದಿದ್ದರೆ ಏನಾಗುತ್ತದೆ? ಉತ್ತರವನ್ನು ನಡೆಗಳ ಸಮೇತ ಬರೆದು ಈ ಹಾಳೆಯ ಕೆಳಗಿನ ಲಕೋಟೆಯಲ್ಲಿ ಹಾಕಿರಿ. ಮೊಬೈಲು ನೋಡಿ ಬರೆದದ್ದು ಅಕ್ಷರದಲ್ಲೇ ಗೊತ್ತಾಗುತ್ತದೆ.

— 9ನೆಯ ತರಗತಿಯ ಒಬ್ಬ ವಿದ್ಯಾರ್ಥಿ