ಗುಣವಾದರೆ ಮತ್ತೆ ಯುದ್ಧಕ್ಕೆ! ಮನೆಗೆ ಮರಳಿದ ಯೋಧನ ಕುರಿತ ಈ ಕಾದಂಬರಿ ಕೇಳುವ ಪ್ರಶ್ನೆ ಏನು?

ಯುದ್ಧಕ್ಕೆ ಹೋಗಿದ್ದ ಯೋಧ ಮನೆಗೆ ಮರಳಿದ್ದಾನೆ. ಕೈಕಾಲು ಸರಿಯಾಗಿವೆ. ಆದರೆ ಎದುರಿಗೆ ನಿಂತ ಹೆಂಡತಿ ಯಾರೆಂದು ಅವನಿಗೆ ಗೊತ್ತಿಲ್ಲ. ಕಳೆದ 15 ವರ್ಷಗಳ ನೆನಪೇ ಅಳಿಸಿಹೋಗಿದೆ.

ಇದು ಬ್ರಿಟಿಷ್ ಲೇಖಕಿ ರೆಬೆಕಾ ವೆಸ್ಟ್ ಅವರ 'ದಿ ರಿಟರ್ನ್ ಆಫ್ ದಿ ಸೋಲ್ಜರ್' ಕಾದಂಬರಿಯ ಕಥೆ. ಮೊದಲ ಮಹಾಯುದ್ಧ ಇನ್ನೂ ಮುಗಿಯದ 1918ರಲ್ಲೇ ಇದು ಪ್ರಕಟವಾಯಿತು. ಆಗ ಲೇಖಕಿಗೆ 25 ವರ್ಷ. ಇದು ಅವರ ಮೊದಲ ಕಾದಂಬರಿ.

ಕಥೆಯಲ್ಲಿ ಏನಿದೆ?

ಕ್ರಿಸ್ ಬಾಲ್ಡ್ರಿ ಸಿರಿವಂತ ಮನೆತನದ ಅಧಿಕಾರಿ. ಆಘಾತದ ನಂತರ ಅವನು ತನ್ನನ್ನು 21ರ ಯುವಕ ಎಂದೇ ನಂಬಿದ್ದಾನೆ. ಪತ್ನಿ ಕಿಟ್ಟಿ ಅಪರಿಚಿತೆ. ಅವನಿಗೆ ಬೇಕಿರುವುದು ಆಗಿನ ಪ್ರೇಯಸಿ ಮಾರ್ಗರೆಟ್. ಆಕೆ ಈಗ ಬೇರೊಬ್ಬರ ಹೆಂಡತಿ, ಬಡತನದಲ್ಲಿ ಬಸವಳಿದವಳು. ಕ್ರಿಸ್‌ಗೆ ಅದ್ಯಾವುದೂ ಕಾಣುವುದಿಲ್ಲ. ಆಕೆಯ ಜೊತೆಯಲ್ಲಿ ಅವನು ಸುಖಿ.

ಇದನ್ನೆಲ್ಲ ನಮಗೆ ಹೇಳುವವಳು ಅದೇ ಮನೆಯಲ್ಲಿರುವ ಸೋದರ ಸಂಬಂಧಿ ಜೆನ್ನಿ. ಹಾಗಾಗಿ ಕಾದಂಬರಿ ನಮ್ಮನ್ನು ರಣರಂಗಕ್ಕೆ ಕರೆದೊಯ್ಯುವುದಿಲ್ಲ. ಯುದ್ಧ ಒಂದು ಮನೆಯೊಳಗೆ ಹೇಗೆ ಬಂದು ಕೂರುತ್ತದೆ ಎಂಬುದನ್ನು ತೋರಿಸುತ್ತದೆ.

ಚಿಕಿತ್ಸೆಯೇ ಶಿಕ್ಷೆಯಾದಾಗ

ಕ್ರಿಸ್‌ಗೆ ಒಬ್ಬ ಮಗನಿದ್ದ, ಎಳವೆಯಲ್ಲೇ ತೀರಿಕೊಂಡಿದ್ದ. ಆ ಮಗುವಿನ ನೆನಪು ತಂದರೆ ಮರೆವು ಹರಿಯಬಹುದು ಎಂಬುದು ಗೊತ್ತಾಗುತ್ತದೆ. ಆದರೆ ಗುಣವಾದ ಅಧಿಕಾರಿಗೆ ಮನೆಯಲ್ಲಿ ಜಾಗವಿಲ್ಲ, ಮತ್ತೆ ಯುದ್ಧದ ಕಂದಕಗಳಿಗೆ ಹೋಗಲೇಬೇಕು. ಸುಳ್ಳಿನಲ್ಲಿ ಸುಖವಾಗಿರಲು ಬಿಡಬೇಕೇ, ಸತ್ಯ ಹೇಳಿ ಸಾವಿನ ಬಾಯಿಗೆ ಕಳಿಸಬೇಕೇ? ಕೊನೆಗೆ ಮಗುವಿನ ಅಂಗಿ ಮತ್ತು ಚೆಂಡನ್ನು ಹಿಡಿದು ಅವನ ಬಳಿಗೆ ಹೋಗುವವಳು ಮಾರ್ಗರೆಟ್. ಅವನನ್ನು ಕಳೆದುಕೊಳ್ಳುತ್ತೇನೆ ಎಂದು ಗೊತ್ತಿದ್ದೂ ಹೋಗುತ್ತಾಳೆ.

ಏನಿದು 'ಶೆಲ್ ಶಾಕ್'?

ಕ್ರಿಸ್‌ಗೆ ಆದದ್ದನ್ನು ಆಗ 'ಶೆಲ್ ಶಾಕ್' ಎನ್ನುತ್ತಿದ್ದರು. ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಹೆಸರಿನಡಿ ರೋಗಿಗಳ ವಿವರ ಬರೆದಿದ್ದರು. ಮನಸ್ಸಿನ ಗಾಯವನ್ನು ಹೇಡಿತನ ಎಂದು ನೋಡಿದವರೂ ಇದ್ದರು. ಪಲಾಯನ, ಹೇಡಿತನದಂತಹ ಆರೋಪಗಳ ಮೇಲೆ ಗುಂಡಿಕ್ಕಿ ಕೊಲ್ಲಲಾದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ. 'ಪಿಟಿಎಸ್‌ಡಿ' ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಭಾರತದ ಯೋಧರ ಕಥೆಯೂ ಹೌದು

ಅದೇ ಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಗರದಾಚೆ ಸೇವೆ ಸಲ್ಲಿಸಿದ್ದರು. ಫ್ರಾನ್ಸ್‌ನಲ್ಲಿ ಗಾಯಗೊಂಡ ಹಲವರಿಗೆ ಇಂಗ್ಲೆಂಡಿನ ಬ್ರೈಟನ್ ಅರಮನೆಯಲ್ಲಿ ಚಿಕಿತ್ಸೆ ನಡೆಯಿತು. ಸೆನ್ಸಾರ್ ಅಧಿಕಾರಿಗಳು ಅನುವಾದಿಸಿ ಇಟ್ಟ ಅವರ ಪತ್ರಗಳ ಭಾಗಗಳು ಇಂದಿಗೂ ಉಳಿದಿವೆ. ಗಾಯ ಮಾಯುತ್ತಲೇ ಮತ್ತೆ ರಣರಂಗಕ್ಕೆ ಕಳಿಸುತ್ತಾರೆ ಎಂಬ ಸಂಕಟ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕ್ರಿಸ್‌ಗಾಗಿ ಚಿಂತಿಸಲು ಮೂವರು ಹೆಂಗಸರಿದ್ದರು. ಈ ಸಿಪಾಯಿಗಳ ಮನೆ ಸಾವಿರಾರು ಮೈಲಿ ದೂರವಿತ್ತು.

ಅಂಗವಿಕಲರಾಗಿ ಮರಳಿದವರಿಗೆ ಕೆಲಸ ಕಲಿಸಲು 1917ರಲ್ಲಿ ಮುಂಬೈಯಲ್ಲಿ ಶುರುವಾದ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ನಂತರ ಪುಣೆಯ ಖಡ್ಕಿಗೆ ಸ್ಥಳಾಂತರವಾಯಿತು.

ಓದುವುದು ಹೇಗೆ?

ಕಾದಂಬರಿ ಚಿಕ್ಕದು, ಒಂದೆರಡು ದಿನಗಳಲ್ಲಿ ಮುಗಿಸಬಹುದು. 1982ರಲ್ಲಿ ಇದು ಸಿನಿಮಾ ಆಗಿದೆ. ಅಲನ್ ಬೇಟ್ಸ್, ಗ್ಲೆಂಡಾ ಜಾಕ್ಸನ್ ಮತ್ತು ಜೂಲಿ ಕ್ರಿಸ್ಟಿ ನಟಿಸಿದ್ದಾರೆ. ಆದರೆ ಪುಸ್ತಕವನ್ನೇ ಮೊದಲು ಓದುವುದು ಒಳ್ಳೆಯದು. ಕೊನೆಯ ಪುಟದಲ್ಲಿ ಕ್ರಿಸ್ ತೋಟದಿಂದ ಮನೆಯತ್ತ ನಡೆದು ಬರುತ್ತಾನೆ. ಆ ನಡಿಗೆ ನೋಡಿದ ಕೂಡಲೇ ಜೆನ್ನಿಗೆ ಅರ್ಥವಾಗುತ್ತದೆ: ಅವನು ಗುಣವಾಗಿದ್ದಾನೆ, ಮತ್ತೆ ಸೈನಿಕನಾಗಿದ್ದಾನೆ.