ಕಾರ್ನಿಯಾ ಕಸಿ: ಮಸುಕಾದ ಕಣ್ಣಿಗೆ ಮರಳುವ ನೋಟ

ಪ್ರೌಢಶಾಲೆಯ ಹುಡುಗ ಸದಾ ಕಣ್ಣುಜ್ಜಿಕೊಳ್ಳುತ್ತಾನೆ. ವರುಷ ತುಂಬುವುದರೊಳಗೆ ಕನ್ನಡಕದ ನಂಬರು ಎರಡು ಸಲ ಬದಲಾಗುತ್ತದೆ. ಆದರೂ ಕರಿಹಲಗೆಯ ಅಕ್ಷರಗಳು ನೆರಳು ನೆರಳಾಗಿ ಕಾಣುತ್ತವೆ. ಟಿ.ವಿ. ನೋಡಿದ್ದರ ಫಲವೆಂದು ಗದರಿಸಿ ಸುಮ್ಮನಾಗುವ ತಂದೆ-ತಾಯಿಗಳೇ ಹೆಚ್ಚು. ಇದು ಕೆರಟೋಕೋನಸ್ ಎಂಬ ವ್ಯಾಧಿಯ ಆರಂಭವಾಗಿರಬಹುದು.

ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಈ ವ್ಯಾಧಿಯಲ್ಲಿ ಅದು ಇನ್ನೂ ತೆಳುವಾಗಿ, ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಮೊದಲಿಗೆ ಕನ್ನಡಕ, ಅನಂತರ ಗಟ್ಟಿಯಾದ ಕಾಂಟ್ಯಾಕ್ಟ್ ಲೆನ್ಸ್ ನೆರವಾಗುತ್ತವೆ. ಬೇಗನೆ ತಿಳಿದರೆ ರೈಬೋಫ್ಲೇವಿನ್ ಹನಿ ಹಾಗೂ ಅತಿನೇರಳೆ ಕಿರಣಗಳಿಂದ ಪಟಲವನ್ನು ಗಟ್ಟಿಗೊಳಿಸಿ ವ್ಯಾಧಿಯನ್ನು ತಡೆಯಬಹುದು. ಪಟಲದಲ್ಲಿ ಕಲೆ ಬಿದ್ದು, ಲೆನ್ಸೂ ಉಪಯೋಗಕ್ಕೆ ಬಾರದಾದಾಗ ಉಳಿಯುವ ಮಾರ್ಗ ಕಸಿ.

‘ಕಣ್ಣನ್ನೇ ಬದಲಾಯಿಸುತ್ತಾರಂತೆ’ ಎಂಬ ಜನರ ಮಾತು ಸರಿಯಲ್ಲ. ಪಟಲದ ನಡುವಿನ ಸುಮಾರು ಎಂಟು ಮಿಲಿಮೀಟರ್ ಅಗಲದ ದುಂಡು ಭಾಗವನ್ನಷ್ಟೇ ತೆಗೆದು, ದಾನಿಯ ಕಾರ್ನಿಯಾವನ್ನು ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ. ಕಣ್ಣಿನ ಬಣ್ಣ ಬದಲಾಗದು. ಬೀಗರಾಗುವವರು ಈ ಶಂಕೆಯನ್ನು ಬಿಡಬಹುದು. ರೋಗಿಯ ಒಳಪದರ ಆರೋಗ್ಯವಾಗಿದ್ದರೆ ಅದನ್ನು ಉಳಿಸಿಕೊಂಡು ಮೇಲ್ಪದರಗಳನ್ನು ಮಾತ್ರ ಕಸಿ ಮಾಡುವ ವಿಧಾನವೂ ಇಂದು ರೂಢಿಯಲ್ಲಿದೆ. ಅದರಿಂದ ದೇಹವು ಕಸಿಯನ್ನು ತಿರಸ್ಕರಿಸುವ ಭಯ ಕಡಿಮೆ.

ಕಟ್ಟು ಬಿಚ್ಚಿದೊಡನೆ ಲೋಕವೆಲ್ಲ ನಿಚ್ಚಳವಾಗುತ್ತದೆಂದು ಭಾವಿಸಬಾರದು. ನೋಟ ಸ್ಥಿರವಾಗಲು ಅನೇಕ ತಿಂಗಳುಗಳು ಬೇಕು. ಕೆಲವು ಹೊಲಿಗೆಗಳು ವರುಷಕ್ಕೂ ಮೀರಿ ಇರುತ್ತವೆ. ಕನ್ನಡಕವೋ ಲೆನ್ಸೋ ಮತ್ತೆ ಬೇಕಾಗಬಹುದು. ‘ಗುಣವಾಯಿತಲ್ಲ’ ಎಂದು ಹನಿ ಔಷಧಿಯನ್ನು ತಾವಾಗಿ ನಿಲ್ಲಿಸಿದವರು ಕಸಿಯನ್ನೇ ಕಳೆದುಕೊಂಡಾರು. ಕಣ್ಣು ಕೆಂಪಾದರೆ, ನೊಂದರೆ, ಮಂಜಾದರೆ, ಬೆಳಕು ಚುಚ್ಚಿದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಎಷ್ಟು ವರುಷಗಳಾಗಿದ್ದರೂ ಈ ಎಚ್ಚರ ತಪ್ಪದು.

ಇಷ್ಟೆಲ್ಲಕ್ಕೂ ಮೊದಲು ಕಾರ್ನಿಯಾ ದೊರೆಯಬೇಕಲ್ಲವೇ? ಅದನ್ನು ಯಾವ ಕಾರ್ಖಾನೆಯೂ ತಯಾರಿಸಿ ಮಾರುವುದಿಲ್ಲ. ಮೃತರ ಮನೆಯವರು ಒಪ್ಪಿದರೆ ಮಾತ್ರ ಸಿಗುವುದು. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದರು.

ನಮ್ಮ ಮನೆಗಳಲ್ಲಿ ಹಿರಿಯರು ಲಿಂಗೈಕ್ಯರಾದಾಗ ಮುಖ ವಿಕಾರವಾದೀತು, ಸಂಸ್ಕಾರಕ್ಕೆ ತಡವಾದೀತು ಎಂಬ ಅಂಜಿಕೆಗಳು ಬರುವುದುಂಟು. ಕಣ್ಣು ಪಡೆಯುವ ಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ಕೆಡದು. ಕನ್ನಡಕ ಹಾಕಿದವರೂ ಸಕ್ಕರೆ ಕಾಯಿಲೆಯವರೂ ದಾನಿಗಳಾಗಬಹುದು. ಆರು ಗಂಟೆಗಳೊಳಗೆ ಕಣ್ಣು ಪಡೆಯಬೇಕಾದ್ದರಿಂದ ಕೂಡಲೇ ನೇತ್ರ ಬ್ಯಾಂಕಿಗೆ ತಿಳಿಸಬೇಕು. ಅವರು ಬರುವ ತನಕ ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯ ಕೆಳಗೆ ದಿಂಬು ಇಡಬೇಕು.