ಈಶ್ವರಸಿದ್ಧಿಯಲ್ಲಿ ಅನುಮಾನ ಪ್ರಮಾಣದ ಸ್ಥಾನ

ಲೋಕವ್ಯವಹಾರದಲ್ಲಿ 'ಅನುಮಾನ'ವೆಂದರೆ ಸಂದೇಹ. ನ್ಯಾಯಶಾಸ್ತ್ರದಲ್ಲಾದರೋ ಅದು ಸಂದೇಹವನ್ನು ಕಳೆಯುವ ಪ್ರಮಾಣ. ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿಯಿರುವುದೆಂಬ ನಿಯತ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಕಣ್ಣಿಗೆ ಕಾಣದ ಈಶ್ವರನನ್ನೂ ಇದೇ ಪ್ರಮಾಣದಿಂದ ಸಾಧಿಸಬಹುದೇ ಎಂಬುದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದ ವಿಷಯ.

ಸಾಧಿಸಬಹುದೆಂದವರಲ್ಲಿ ಅಗ್ರಗಣ್ಯರು ಮಿಥಿಲೆಯ ಉದಯನಾಚಾರ್ಯರು (10-11ನೆಯ ಶತಮಾನ). ಅವರ 'ನ್ಯಾಯಕುಸುಮಾಂಜಲಿ' ಐದು ಸ್ತಬಕಗಳ ಗ್ರಂಥ. ಮೊದಲ ನಾಲ್ಕು ಸ್ತಬಕಗಳಲ್ಲಿ ಪ್ರತಿವಾದಿಗಳ ಆಕ್ಷೇಪಗಳನ್ನು ಪರಿಹರಿಸಿ, ಐದನೆಯದರಲ್ಲಿ ಈಶ್ವರಸಾಧಕ ಹೇತುಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಮುಖ್ಯವಾದುದು ಕಾರ್ಯತ್ವಹೇತು. ಮಡಕೆಯು ಕಾರ್ಯ, ಅದಕ್ಕೆ ಕುಂಬಾರನೆಂಬ ಕರ್ತೃವುಂಟು. ಭೂಮಿ, ಮೊಳಕೆ ಮೊದಲಾದುವೂ ಕಾರ್ಯಗಳೇ ಆದುದರಿಂದ ಅವುಗಳಿಗೂ ಜ್ಞಾನವುಳ್ಳ ಕರ್ತೃವೊಬ್ಬನಿರಬೇಕು. ಆತನೇ ಈಶ್ವರನೆಂದು ಈ ವಾದದ ಸಾರ.

ಈ ವಾದಕ್ಕೆ ಬಂದ ಆಕ್ಷೇಪಗಳು ಸಾಮಾನ್ಯವಾದುವಲ್ಲ. ಮಣ್ಣಿನ ವಿಕಾರವೆಂಬಷ್ಟರಿಂದಲೇ ಕರ್ತೃವನ್ನು ಊಹಿಸುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೆನ್ನಬೇಕಾದೀತೆಂದು ಬೌದ್ಧಾಚಾರ್ಯ ಧರ್ಮಕೀರ್ತಿಯು 7ನೆಯ ಶತಮಾನದಷ್ಟು ಹಿಂದೆಯೇ ಹೇಳಿದ್ದನು. ಜಗತ್ಕರ್ತೃವಿಗೆ ಶರೀರವಿದ್ದರೆ ಆ ಶರೀರವನ್ನು ಮಾಡಿದವರಾರೆಂದು ಮೀಮಾಂಸಕರಾದ ಕುಮಾರಿಲಭಟ್ಟರು ಕೇಳಿದರು. ಕರ್ತೃತ್ವಕ್ಕೆ ಜ್ಞಾನ, ಇಚ್ಛೆ, ಪ್ರಯತ್ನಗಳೇ ಸಾಕು, ಶರೀರವು ಬೇಕಿಲ್ಲವೆಂಬುದು ನೈಯಾಯಿಕರ ಸಮಾಧಾನ. ಆದರೆ ಶರೀರವಿಲ್ಲದ ಕರ್ತೃವನ್ನು ಎಲ್ಲಿಯೂ ಕಾಣದಿರುವಾಗ ವ್ಯಾಪ್ತಿಯು ಹೇಗೆ ನಿಂತೀತೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಅನುಮಾನವನ್ನು ಖಂಡಿಸಿದವರೆಲ್ಲರೂ ನಿರೀಶ್ವರವಾದಿಗಳಲ್ಲ. ಪರಮಭಕ್ತರಾದ ರಾಮಾನುಜಾಚಾರ್ಯರೇ 'ಶ್ರೀಭಾಷ್ಯ'ದಲ್ಲಿ, ಜಗತ್ತೆಲ್ಲವೂ ಏಕಕಾಲದಲ್ಲಿ ಒಬ್ಬನಿಂದಲೇ ಆಯಿತೆಂಬುದನ್ನು ಕಾರ್ಯತ್ವಹೇತುವು ಸಾಧಿಸಲಾರದೆಂದೂ, ಬ್ರಹ್ಮವು ಶಾಸ್ತ್ರದಿಂದಲೇ ವೇದ್ಯವೆಂದೂ ಪ್ರತಿಪಾದಿಸಿದ್ದಾರೆ. ಪ್ರಮಾಣವನ್ನು ಪರೀಕ್ಷಿಸುವುದು ಬೇರೆ, ಪ್ರಮೇಯವನ್ನು ನಿರಾಕರಿಸುವುದು ಬೇರೆ. ಇವೆರಡನ್ನೂ ಒಂದೆಂದು ಭಾವಿಸುವುದರಿಂದ ಆಸ್ತಿಕರಿಗೂ ಹಾನಿ, ನಾಸ್ತಿಕರಿಗೂ ಹಾನಿ.

ಹಾಗಾದರೆ ಉದಯನರ ಶ್ರಮವು ವ್ಯರ್ಥವೇ? ಅಲ್ಲ. ಗ್ರಂಥಾರಂಭದಲ್ಲಿಯೇ ಅವರು, ಶ್ರವಣದ ಅನಂತರ ಬರುವ ಈ ನ್ಯಾಯಚರ್ಚೆಯು ಮನನವೆನಿಸಿಕೊಳ್ಳುವ ಉಪಾಸನೆಯೇ ಎಂದು ಸ್ಪಷ್ಟಪಡಿಸಿದ್ದಾರೆ. ಕೇಳಿದುದನ್ನು ಯುಕ್ತಿಯಿಂದ ಒರೆಹಚ್ಚಿ ನೋಡುವುದೂ ಅವರ ಪಾಲಿಗೆ ಒಂದು ಪೂಜೆ. ಎದುರಾಳಿಯ ಪೂರ್ವಪಕ್ಷವನ್ನು ಕುಂದಿಸದೆ ಮಂಡಿಸಿ ಉತ್ತರಿಸಬೇಕೆಂಬ ನಿಯಮವು ಆ ಪೂಜೆಯ ಶುಚಿತ್ವ.

'ದೇವರಿದ್ದಾನೆಂಬುದಕ್ಕೆ ಪ್ರಮಾಣವೇನು?' ಎಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಕೇಳಿದರೆ, ಅದನ್ನು ಉದ್ಧಟತನವೆಂದು ಗದರಿಸುವುದು ಅಧ್ಯಾಪಕರಿಗೆ ತಕ್ಕುದಲ್ಲ. ಉದಯನರು ಒಂದು ಗ್ರಂಥವನ್ನೇ ಮೀಸಲಿಟ್ಟ ಪ್ರಶ್ನೆಯದು. ಎರಡು ಪಕ್ಷಗಳನ್ನೂ ನಿರ್ವಂಚನೆಯಿಂದ ಅವನ ಮುಂದಿಡೋಣ. ಕೇಳಬಲ್ಲವನಲ್ಲಿ ಮಾತ್ರವೇ ಮನನವು ಮೊಳೆಯುವುದು.